ಎರಡು ಶ್ರಾವಣದ ಜೋಳ

ಜಡೆಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. ಜೋಳದ ಮುಖ ಬರುತ್ತಿತ್ತು. ಸಾವಿರ ದಂಟಿನ ನಡುವೆ ಒಂದು ದಂಟು ಬೇರೆ ತಾಯಿಯದಾಗಿದ್ದರೆ, ಅದು ಮೊಣಕಾಲುದ್ದ ಇರುವಾಗಲೇ ಅವಳ ಕಾಲು ಅಲ್ಲಿ ನಿಲ್ಲುತ್ತಿತ್ತು. ಈ ಒಂದು ವಿದ್ಯೆಯಿಂದ ಅವಳಿಗೆ ಕೂಲಿ ಸಿಕ್ಕಿತು. ಇದೇ ವಿದ್ಯೆಯಿಂದ ನಿದ್ದೆಯೂ ಹೋಯಿತು.

ಹುಟ್ಟಿದ್ದು ಕುರುಗೋಡಿನ ಮಗ್ಗುಲ ಬಾದನಹಟ್ಟಿಯಲ್ಲಿ. ಕೊಟ್ಟದ್ದು ಸಿರುಗುಪ್ಪದ ಕಡೆಯ ಕರೂರಿಗೆ. ಗಂಡ ಎರ್ರಣ್ಣ ಗಾಡಿ ಹೊಡೆಯುವವ. ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ, ಎತ್ತುಗಳ ಜೊತೆ ಎರಡೂ. ಒಂಬತ್ತು ವರ್ಷದಲ್ಲಿ ಮೂರು ಸಲ ಬಸುರಾದಳು, ಮೂರು ಸಲವೂ ಕೂಸು ಉಳಿಯಲಿಲ್ಲ. ಊರು ಗೊಡ್ಡಿ ಎಂದಿತು. ಮೂರು ಹೆತ್ತವಳು ಗೊಡ್ಡಿ ಹೇಗಾಗುತ್ತಾಳೆ ಎಂದು ಯಾರೂ ಕೇಳಲಿಲ್ಲ.

ಯುದ್ಧದ ಕಾಲದಲ್ಲಿ ಕಾಳುಕಡಿಗೆಲ್ಲ ಕಂಟ್ರೋಲ್ ಬಂದಾಗ ಕರೂರಿನಿಂದ ಎರಡು ಮೈಲಿ ಆಚೆ ಒಂದು ಸಣ್ಣ ಬೀಜದ ಫಾರಂ ಎದ್ದಿತು. ಈಗ ಅಲ್ಲಿ ಗದ್ದೆ. ಹುಡುಕಿದರೆ ಬಾವಿಯ ಕಟ್ಟೆ ಸಿಕ್ಕೀತು. ಅದರ ಸಾಹೇಬರು ಚಿದಾನಂದಪ್ಪ, ಬಳ್ಳಾರಿಯಲ್ಲಿ ಕೂತು ವಾರಕ್ಕೊಮ್ಮೆ ಬರುವವರು. ಅವರಿಗೆ ಬೇಕಾದದ್ದು ಗಿಡ್ಡ ಜೋಳ: ಎದೆಮಟ್ಟ ಬೆಳೆದು ಅರವತ್ತು ದಿನಕ್ಕೆ ತೆನೆ ತೆಗೆಯಬೇಕು, ಮುಂಗಾರಿಗೆ ಬಿತ್ತಿದರೂ ಸೈ, ಹಿಂಗಾರಿಗೆ ಬಿತ್ತಿದರೂ ಸೈ. ನಮ್ಮ ಸೀಮೆಯ ನಾಡಜೋಳ ಹಾಗಲ್ಲ. ಅದಕ್ಕೆ ತನ್ನದೇ ಹಂಗಾಮು. ಅದು ಬರುವ ತನಕ ಬರೀ ಗರಿಯ ಮೇಲೆ ಗರಿ ಹಾಕುತ್ತ ಆಳಿನ ತಲೆ ಮೀರಿ ನಿಲ್ಲುತ್ತದೆ. ಗರಿ ಹಾಕುವುದನ್ನು ಬಿಟ್ಟ ದಿನವೇ ತೆನೆ. ತೆನೆ ತಡವಾದಷ್ಟೂ ಗಿಡ ಉದ್ದ.

ಫಾರಮ್ಮಿನಲ್ಲಿ ಹೆಂಗಸರಿಗೆ ಮೂರು ಕೆಲಸ. ತೆನೆ ಹೊರಬಿದ್ದ ಗಿಡಕ್ಕೆ ಅವತ್ತಿನ ಬಣ್ಣದ ದಾರ ಕಟ್ಟುವುದು. ಸಾಹೇಬರು ಆರಿಸಿದ ಗಿಡದ ತೆನೆಗೆ, ಬೇರೆಯದರ ಹೂವಿನ ಹುಡಿ ತಾಗದಂತೆ, ಎಣ್ಣೆಕಾಗದದ ಚೀಲ ತೊಡಿಸುವುದು. ಚೀಲದ ಮೇಲೆ ನಂಬರು. ಮೂರನೆಯದು ಕಳಚುವುದು: ಜಾತಿಗೆಟ್ಟ ಗಿಡ, ಎದ್ದು ಕಾಣುವ ಗಿಡ, ತಡವಾದ ಗಿಡವನ್ನು ಬೇರುಸಮೇತ ಕಿತ್ತು ಬದುವಿಗೆ ಎಸೆಯುವುದು. ಕಳಚುವುದರಲ್ಲಿ ಜಡೆಮ್ಮನ ಸಮ ಯಾರೂ ಇರಲಿಲ್ಲ.

ಮೇಸ್ತ್ರಿ ಹಾಲಸಿದ್ದಪ್ಪ. ಬೀಜದ ಕೋಣೆಯ ಕೀಲಿಯೂ ಅವನ ಸೊಂಟದಲ್ಲೇ. ಬಳ್ಳಾರಿಯ ಕೌಲ್ ಬಜಾರಿನವ. ಮಾತು ಒರಟು, ಲೆಕ್ಕ ನೆಟ್ಟಗೆ.

ಸಾವಿರದ ಒಂಬೈನೂರ ನಲವತ್ತೇಳು. ಆ ವರ್ಷ ಶ್ರಾವಣ ಎರಡು ಬಂದಿದ್ದವು. ಮೊದಲನೆಯ ಶ್ರಾವಣದ ಕೊನೆಗೆ ಸಿರುಗುಪ್ಪದಲ್ಲಿ ಬಾವುಟ ಏರಿಸಿ ಬೆಲ್ಲ ಹಂಚಿದರು. ಎರಡನೆಯದರಲ್ಲಿ ಜಡೆಮ್ಮನಿಗೆ ವಾಂತಿ ಶುರುವಾಯಿತು. ನಾಲ್ಕನೆಯ ಬಸುರು. ಆ ದಿನಗಳಲ್ಲೇ ಬಾವಿಯ ಕಡೆಯ ಬದುವಿನಲ್ಲಿ ಒಂದು ಗಿಡದ ಹತ್ತಿರ ಅವಳ ಕಾಲು ನಿಂತಿತ್ತು. ಗರಿ ದಂಟನ್ನು ತಬ್ಬುವ ಜಾಗದಲ್ಲಿ ನೇರಳೆ ಬಣ್ಣದ ಒಂದು ಗೀರು. ಸಾಹೇಬರ ಗಿಡ್ಡ ಜೋಳಕ್ಕೆ ಅದು ಇರುವುದಿಲ್ಲ. ಯಾವುದೋ ನಾಡಜೋಳದ ಹುಡಿ ಗಾಳಿಯಲ್ಲಿ ಬಂದು ಹೋದ ವರ್ಷದ ತೆನೆಗೆ ತಾಗಿತ್ತು. ಬಗ್ಗಿದರೆ ತಲೆ ಗಿರಗಿರ. ನಾಳೆ ಕಿತ್ತರಾಯಿತು ಎಂದು ಬಿಟ್ಟಳು. ನಾಳೆ ಎಂಬುದು ಎರಡು ತಿಂಗಳಾಯಿತು.

ಉಳಿದದ್ದೆಲ್ಲ ಎದೆಮಟ್ಟ ಬೆಳೆದು, ತೆನೆ ತೆಗೆದು, ಕಾಳು ಕಟ್ಟಿ, ಒಣಗಿತು. ಈ ಒಂದು ಮಾತ್ರ ಹಸಿರಾಗಿ ಮೇಲೇಳುತ್ತಲೇ ಇತ್ತು. ಕೊಯ್ಲಿಗೆ ಮುಂಚೆ ಅಡ್ಡಾದಿಡ್ಡಿ ಗಿಡ ಒಂದೂ ಉಳಿಯಬಾರದೆಂದು ಸಾಹೇಬರು ಹೇಳಿಕಳಿಸಿದ್ದರು. ಜಡೆಮ್ಮ ಹೋಗಿ ದಂಟಿಗೆ ಕೈ ಹಾಕಿದಳು. ತುದಿಯ ಗರಿಯ ಒಡಲು ಬೆರಳಿಗೆ ಉಬ್ಬಿದ ಹಾಗೆ ಸಿಕ್ಕಿತು. ಒಳಗೆ ತೆನೆ. ಇನ್ನೂ ಹೊರಬಂದಿಲ್ಲ. ಇದಕ್ಕೆ ಹೊಡೆ ತುಂಬುವುದು ಎನ್ನುತ್ತಾರೆ.

ಅವತ್ತು ಸೀಗಿ ಹುಣ್ಣಿಮೆ.

ನಮ್ಮ ಕಡೆ ಸೀಗಿ ಹುಣ್ಣಿಮೆಗೆ ಹೊಲ ಬಸುರಿ. ಬುತ್ತಿ ಕಟ್ಟಿಕೊಂಡು ಹೋಗಿ, ಹೊಡೆ ತುಂಬಿದ ಪೈರಿಗೆ ಹಸಿರು ಬಳೆ ಇಟ್ಟು, ಬಸುರಿಗೆ ಬಯಕೆ ಉಣಿಸಿದ ಹಾಗೆ ಸುತ್ತ ಆ ಬುತ್ತಿಯ ಚರಗ ಚೆಲ್ಲುತ್ತಾರೆ. ಆ ದಿನ ಹೊಡೆ ತುಂಬಿದ ಗಿಡಕ್ಕೆ ಕುಡುಗೋಲು ತಾಗಿಸುವುದು ಎಂದರೆ ತುಂಬಿದ ಹೊಟ್ಟೆಗೆ ಒದ್ದ ಹಾಗೆ. ಕೀಳುವವಳೇ ಬಸುರಿಯಾಗಿದ್ದರೆ ಕೇಳುವುದೇ ಬೇಡ.

ಜಡೆಮ್ಮ ಕೈ ತೆಗೆದಳು. ಆದರೆ ತಾನು ಬಿಟ್ಟರೆ ಪಕ್ಕದ ಸಾಲಿನವಳು ಕೀಳುತ್ತಾಳೆ. ಆಚೆ ಒಂದು ಗಿಡದ ತೆನೆಯನ್ನು ಹಕ್ಕಿ ಚೀಲ ಹರಿದು ತಿಂದು ಮುಗಿಸಿತ್ತು. ಚೀಲ ಮಾತ್ರ ಜೋತಾಡುತ್ತಿತ್ತು. ಅದನ್ನು ಬಿಚ್ಚಿ, ಹರಿದ ತುದಿಯನ್ನು ಮಡಚಿ ಹೊಲಿದು, ಈ ಗಿಡದ ತುದಿಗೆ ಸಡಿಲಾಗಿ ಕಟ್ಟಿದಳು. ಚೀಲ ಇದ್ದ ಗಿಡ ಸಾಹೇಬರದು, ಅದನ್ನು ಯಾರೂ ಮುಟ್ಟುವುದಿಲ್ಲ. ಚೀಲದ ಮೇಲೆ ಪೆನ್ಸಿಲ್ಲಿನಲ್ಲಿ ಹದಿನೇಳು ಎಂದು ಬರೆದಿತ್ತು. ಅವಳಿಗೆ ಅದು ಎರಡು ಗೀಟು, ಅಷ್ಟೆ. ಹೆರಿಗೆಯಾದ ಮೇಲೆ ತಾನೇ ಬಂದು ಬಿಚ್ಚಿ ಬಿಸಾಕಿದರಾಯಿತು ಎಂದುಕೊಂಡಳು.

ಸಂಜೆ ಹಾಲಸಿದ್ದಪ್ಪ ಸಾಲು ನೋಡಲು ಬಂದ. ಆ ಗಿಡದ ಮುಂದೆ ನಿಂತ. ಮೇಲೆ ಚೀಲ ನೋಡಿದ, ಕೆಳಗೆ ಇವಳ ಹೊಟ್ಟೆ ನೋಡಿದ.

"ನಾಳಿಂದ ನೀ ಬಗ್ಗೋ ಕೆಲಸಕ್ಕ ಬರಬ್ಯಾಡ. ನೆಳ್ಳಾಗ ಕುಂತು ಚೀಲ ಅಂಟಿಸು," ಎಂದು ಹೊರಟುಹೋದ.

ಕೂಸು ದಿನ ತುಂಬುವ ಮೊದಲೇ ಬಂತು, ಸತ್ತು ಬಂತು. ಗಂಡು. ಎರ್ರಣ್ಣ ಹೊಲದ ಬದುವಿನಲ್ಲಿ ಗುಣಿ ತೋಡಿದ. ಜಡೆಮ್ಮ ತಿಂಗಳು ಕಳೆದು ಫಾರಮ್ಮಿಗೆ ಹೋದಾಗ ಬಾವಿಯ ಬದುವಿನಲ್ಲಿ ಗಿಡವಿರಲಿಲ್ಲ, ಕತ್ತರಿಸಿದ ಕೂಳೆ ಇತ್ತು. ತೆನೆ ಎಲ್ಲಿ ಹೋಯಿತೆಂದು ಕೇಳಲು ಬಾಯಿ ಬರಲಿಲ್ಲ. ಅವಳ ಎದೆಯಲ್ಲಿ ಒಂದು ಲೆಕ್ಕ ಕೂತಿತು: ಎರಡು ಹೊಟ್ಟೆಯಲ್ಲಿ ಒಂದು ಉಳಿಯಬೇಕಾಗಿತ್ತು, ಗಿಡದ್ದು ಉಳಿಯಿತು. ಎರ್ರಣ್ಣನಿಗೆ ಒಮ್ಮೆ ಹೇಳಿದಳು. "ಪಿಚ್ಚಿ," ಹುಚ್ಚಿ ಎಂದು ತೆಲುಗಿನಲ್ಲಿ ಅಂದು, ಅವನು ಎತ್ತಿಗೆ ನೀರಿಡಲು ಹೋದ.

ತೆನೆ ಹೋದದ್ದು ಬೀಜದ ಕೋಣೆಗೆ. ಹದಿನೇಳನೆಯ ನಂಬರಿನ ಚೀಲ, ಹದಿನೇಳನೆಯ ಡಬ್ಬಿ. ಮರುವರ್ಷ ಹಿಂಗಾರಿಗೆ ಅದನ್ನು ಬೇರೆ ತುಂಡಿನಲ್ಲಿ ಬಿತ್ತಿದರು. ಹಿಂಗಾರಿನಲ್ಲಿ ಹಗಲು ಗಿಡ್ಡ, ರಾತ್ರಿ ಉದ್ದ. ಆಗ ಎಲ್ಲ ಜೋಳವೂ ಬೇಗ ಗರಿ ಮುಗಿಸಿ ತೆನೆ ತೆಗೆಯುತ್ತದೆ. ಬೇಗದ್ದು ಯಾವುದು, ತಡದ್ದು ಯಾವುದು ಎಂದು ಗೊತ್ತೇ ಆಗುವುದಿಲ್ಲ. ಹದಿನೇಳು ಉಳಿದದ್ದಕ್ಕಿಂತ ನಾಲ್ಕು ದಿನ ತಡ, ಒಂದು ಗೇಣು ಎತ್ತರ, ತೆನೆ ದಪ್ಪ. ಸಾಹೇಬರಿಗೆ ಬಲು ಖುಷಿ. ಮುಂಗಾರಿಗೊಮ್ಮೆ ಬಿತ್ತಿ ನೋಡಬೇಕಿತ್ತು. ನೋಡಲಿಲ್ಲ. ಮೇಲಿನವರು ಜನಕ್ಕೆ ಬೀಜ ಕೊಡಿ, ಕೊಡಿ ಎಂದು ಬೆನ್ನು ಹತ್ತಿದ್ದರು.

ಹದಿನೇಳರ ಬೀಜ ಬಾದನಹಟ್ಟಿಯ ಒಂಬತ್ತು ಮನೆಗೆ ಹೋಯಿತು. ಅದರಲ್ಲಿ ಒಂದು ಜಡೆಮ್ಮನ ತಮ್ಮ ಮೂಕಪ್ಪನ ಮನೆ. "ಬೇಸ್ ಇರತೈತಿ ತಮ್ಮಾ, ನಮ್ಮ ಕೈಯಾಗ ಬೆಳದ ಬೀಜ. ಧೈರ್ಯ ಮಾಡಿ ಬಿತ್ತು," ಎಂದು ಹೇಳಿಕಳಿಸಿದವಳು ಅವಳೇ.

ನಲವತ್ತೊಂಬತ್ತರ ಮುಂಗಾರು ಚೆನ್ನಾಗಿತ್ತು. ಮಳೆಗೆ ಕೊರತೆಯಿರಲಿಲ್ಲ. ಚೌತಿಯ ಹೊತ್ತಿಗೆ ಜೋಳ ತೆನೆ ತೂಗಬೇಕಿತ್ತು. ಒಂಬತ್ತು ಮನೆಯ ಹೊಲದಲ್ಲಿ ಬರೀ ಗರಿ. ಅಲ್ಲಲ್ಲಿ ಒಂದೊಂದು ಗಿಡ್ಡ ಗಿಡ ತೆನೆ ತೆಗೆದಿತ್ತು. ಊರಿನ ಗಿಳಿ, ಗುಬ್ಬಿಯೆಲ್ಲ ಆ ಒಂದೊಂದರ ಮೇಲೆಯೇ ಬಿದ್ದು ಕಾಳು ಉಳಿಸಲಿಲ್ಲ. ಜನ ಗಾಡಿ ಕಟ್ಟಿಕೊಂಡು ಫಾರಮ್ಮಿಗೆ ಬಂದರು. ಊರಿನ ದೊಡ್ಡ ಹೊಲದ ಮಾರೆಣ್ಣ ಆರು ಹಸ್ತ ಉದ್ದದ ಎರಡು ದಂಟು ತಂದು ಸಾಹೇಬರ ಮೇಜಿನ ಮೇಲೆ ಅಡ್ಡ ಹಾಕಿದ.

"ಅರವತ್ತು ದಿನ ಅಂದ್ರಿ. ತೊಂಬತ್ತಾದ್ವು. ಇದನ್ನ ನಾವು ಉಣ್ಣಬೇಕೇನ್ರಿ, ಇಲ್ಲಾ ನೀವು ಉಣ್ತೀರೇನು?"

ವಿಚಾರಣೆ ನಡೆಯಿತು. ಪುಸ್ತಕದಲ್ಲಿ ಬೀಜ ಸರಿಯಿತ್ತು. ಹಾಗಾದರೆ ಕೋಣೆಯಲ್ಲಿ ಬದಲಾಗಿದೆ. ಕೋಣೆಯ ಕೀಲಿ ಹಾಲಸಿದ್ದಪ್ಪನದು, ಅವನ ಮನೆ ಕೌಲ್ ಬಜಾರಿನಲ್ಲಿ, ಅಲ್ಲಿ ಕಾಳಿನ ಅಂಗಡಿಗಳ ಸಾಲು. ಒಳ್ಳೆಯ ಬೀಜ ಅಂಗಡಿಗೆ ಮಾರಿ ಕಸ ತುಂಬಿಟ್ಟ ಎಂದು ಬರೆದರು. ಕೀಲಿ ಕಿತ್ತುಕೊಂಡು ಕಳಿಸಿದರು. "ನಾ ಮಾರಿಲ್ಲ," ಎಂದಷ್ಟೇ ಅಂದ. ಆಳುಗಳು ಸಾಲಾಗಿ ನಿಂತು ನೋಡಿದರು. ಜಡೆಮ್ಮನೂ ನಿಂತಿದ್ದಳು. ಅವಳಿಗೆ ಇನ್ನೂ ಏನೂ ಗೊತ್ತಿರಲಿಲ್ಲ.

ಗೊತ್ತಾದದ್ದು ಮಹಾಲಯ ಅಮಾವಾಸ್ಯೆಗೆ. ಸತ್ತವರಿಗೆ ಎಡೆ ಇಡಲು ತವರಿಗೆ ಹೋದಳು. ಕುರುಗೋಡು ದಾಟಿ ಗಾಡಿ ಬಾದನಹಟ್ಟಿಯ ದಾರಿ ಹಿಡಿಯಿತು. ಎರಡೂ ಕಡೆ ಜೋಳ ಗಾಡಿಯ ಮೇಲೆ ಕೂತವಳ ತಲೆ ಮೀರಿ ನಿಂತಿತ್ತು. ಗರಿ ಗರಿಗೆ ತಿಕ್ಕಿ ಒಂದೇ ಸಮ ಸರಬರ. ತೆನೆಯ ಭಾರವಿಲ್ಲದ ದಂಟು ಬಾಗುವುದಿಲ್ಲ. ನೆಟ್ಟಗೆ ನಿಂತು ನೋಡುತ್ತದೆ. ಜಡೆಮ್ಮ ಕೈ ಚಾಚಿ ಒಂದು ಗರಿ ಎಳೆದಳು. ಬುಡದಲ್ಲಿ ನೇರಳೆ ಗೀರು. ಇನ್ನೊಂದು ಎಳೆದಳು. ಅದೇ ಗೀರು.

ಬಾವಿಯ ಬದುವಿನಲ್ಲಿ ಒಂಟಿಯಾಗಿ ನಿಂತಿದ್ದದ್ದು ಈಗ ಒಂಬತ್ತು ಹೊಲ ತುಂಬ ನಿಂತಿತ್ತು.

"ಗಾಡಿ ನಿಲ್ಲಿಸು," ಎಂದಳು. ಎರ್ರಣ್ಣ ನಿಲ್ಲಿಸಿದ. ಇಳಿಯಲು ಆಗಲಿಲ್ಲ. "ಹೊಡಿ," ಎಂದಳು.

ಎಡೆಗೆ ಕೂತಾಗ ಮೂಕಪ್ಪನ ಹೆಂಡತಿ ಎಲೆಗೆ ಬಡಿಸಿದ್ದು ಹುರುಳಿ ಮಾತ್ರ. ರೊಟ್ಟಿಯಿಲ್ಲದ ಎಡೆ. ಮೂಕಪ್ಪ ಅಕ್ಕನ ಮುಖ ನೋಡದೆ ಹೇಳಿದ: "ನಾಡದು ಕೊಯ್ದು ದನಕ್ಕ ಹಾಕ್ತೀವಿ ಯಕ್ಕಾ. ಹಸಿ ಐತಿ, ಹೊಲ ತೆರವಾದ್ರ ಕಡ್ಲಿನಾರ ಬಿತ್ತಬಹುದು. ತಡ ಮಾಡಿದ್ರ ಭೂಮಿ ಹಸಿ ಆರತೈತಿ."

ಜಡೆಮ್ಮನಿಗೆ ಒಂದು ಗೊತ್ತಿತ್ತು, ಜಗತ್ತಿನಲ್ಲಿ ಬೇರೆ ಯಾರಿಗೂ ಗೊತ್ತಿಲ್ಲವೆಂದು ಅವಳು ತಿಳಿದಿದ್ದದ್ದು. ಇದು ಗೊಡ್ಡಲ್ಲ. ಇದರ ತಾಯಿಯ ಹೊಡೆಯನ್ನು ಅವಳ ಬೆರಳು ಮುಟ್ಟಿತ್ತು. ಸೀಗಿ ಹುಣ್ಣಿಮೆಗೆ ಇದೂ ಹೊಡೆ ತುಂಬುತ್ತದೆ. ಇನ್ನು ಹದಿನೈದು ದಿನ. ಹೇಳಿದರೆ ಒಂಬತ್ತು ಮನೆಗೆ ಕಾಳು ಉಳಿಯುತ್ತದೆ. ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಾರೆ. ಅದನ್ನೂ ಹೇಳಬೇಕು. ಹೇಳಿದರೆ ಕೂಲಿ ಹೋಗುತ್ತದೆ, ತವರಿನ ಮುಖ ಹೋಗುತ್ತದೆ, ಹಾಲಸಿದ್ದಪ್ಪನ ಹೊಟ್ಟೆಗೆ ಹೊಡೆದವಳು ತಾನೇ ಎಂಬುದು ಹೊರಬೀಳುತ್ತದೆ.

ಸಂಜೆ ಊರ ಮುಂದಿನ ಅಗಸಿಕಟ್ಟೆಗೆ ಹೋಗಿ ನಿಂತು ಹೇಳಿಬಿಟ್ಟಳು. ವಾಂತಿ, ಹೊಡೆ, ಚೀಲ, ಎಲ್ಲವನ್ನೂ.

ಮಾರೆಣ್ಣ ಎಲೆ ಉಗುಳಿ ಬಂದ. "ಅಂದ್ರ ನಮ್ಮ ಒಂಬತ್ತು ಮನಿ ಒಲಿಗೆ ನೀರು ಹೊಯ್ದಾಕಿ ನೀನಾ?"

ಮೂಲೆಯಲ್ಲಿ ಕೂತಿದ್ದ ಹುಲುಗಮ್ಮ, ಗಂಡನಿಲ್ಲದ, ಎರಡೆಕರೆಯ ಮುದುಕಿ, ಮಾತಿನ ನಡುವೆ ಬಾಯಿ ಹಾಕಿದಳು. "ಹೊಡಿ ತುಂಬಿದ್ದನ್ನ ಸೀಗಿ ಹುಣ್ಣಿಮಿ ದಿನ ಕಿತ್ತಿದ್ರ ನೀ ಸುಮ್ನಿರತಿದ್ದೇನೋ ಮಾರ್ಯಾ? ಆಗ ಬ್ಯಾರೆ ಮಾತಾಡತಿದ್ದಿ. ಹೊಟ್ಟ್ಯಾಗ ಕೂಸು ಇಟಗೊಂಡಾಕಿ ಹ್ಯಾಂಗ ಕೀಳ್ತಾಳ?"

ಹೆಂಗಸರು ಹೂಂಗುಟ್ಟಿದರು. ಈ ಒಂದು ಮಾತಿಗೆ ಊರಿನಲ್ಲಿ ಎದುರು ಮಾತಿರಲಿಲ್ಲ. ಹುಣ್ಣಿಮೆ ತನಕ ಕಾಯುವುದು ಎಂದಾಯಿತು. ಮಾರೆಣ್ಣ ಎದ್ದು ಹೋಗುವಾಗ ಅಂದ: "ಕಾಯ್ತೀವಿ. ಬಸರಿ ಹೌದೋ ಅಲ್ಲೋ ಅಂತ ಹುಣ್ಣಿಮಿ ದಿನ ಸೂಲಗಿತ್ತಿ ನೀನ ಬಂದು ಹೇಳು."

ಆ ಹದಿನೈದು ದಿನ ಜಡೆಮ್ಮ ಫಾರಮ್ಮಿನಲ್ಲಿ ಬಾಯಿ ಬಿಡಲಿಲ್ಲ. ತೆನೆ ಬಂದ ಮೇಲೆ, ಕೈಯಲ್ಲಿ ತೆನೆ ಹಿಡಿದುಕೊಂಡೇ ಸಾಹೇಬರ ಮುಂದೆ ನಿಲ್ಲುತ್ತೇನೆ ಎಂದುಕೊಂಡಳು. ಹಾಲಸಿದ್ದಪ್ಪ ಅಷ್ಟು ದಿನ ಕಾಯಲಿ. ಹೀಗೆ ಲೆಕ್ಕ ಹಾಕುವುದು ಸುಲಭ, ಕಾಯುವವನು ಬೇರೆಯವನಾದಾಗ.

ಹುಣ್ಣಿಮೆಯ ದಿನ ಬಾದನಹಟ್ಟಿಯವರು ಬುತ್ತಿ ಹೊತ್ತು ಹೊಲಕ್ಕೆ ಹೋದರು. ಜೋಳದ ಕಡುಬಿಗೆ ಜೋಳವಿರಲಿಲ್ಲ; ಸಜ್ಜೆಯಲ್ಲಿ ಮಾಡಿದ್ದರು. ಜಡೆಮ್ಮ ಮುಂದೆ, ಊರು ಹಿಂದೆ. ಮೂಕಪ್ಪನ ಹೊಲದ ಮೊದಲ ಸಾಲಿಗೆ ಹೋಗಿ ತುದಿಯ ಗರಿಯನ್ನು ಎರಡು ಬೆರಳಲ್ಲಿ ಹಿಸುಕಿದಳು. ಚಪ್ಪಟೆ. ಪಕ್ಕದ್ದು. ಚಪ್ಪಟೆ. ಸಾಲು ದಾಟಿದಳು. ಬೆರಳು ಗರಿಯ ಅಂಚಿಗೆ ಕೊಯ್ದು ರಕ್ತ ಬಂತು. ಒಂದರಲ್ಲೂ ಏನೂ ಇರಲಿಲ್ಲ. ಗರಿಯೊಳಗೆ ಗರಿ, ಅದರೊಳಗೆ ಇನ್ನೊಂದು ಗರಿ.

ಹಸಿರು ಬಳೆ ಹಿಡಿದಿದ್ದ ಮೂಕಪ್ಪನ ಹೆಂಡತಿ ಯಾವುದಕ್ಕೆ ತೊಡಿಸಬೇಕೆಂದು ತಿಳಿಯದೆ ನಿಂತಳು. ಆಮೇಲೆ ಬಳೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ಚರಗ ಮಾತ್ರ ಚೆಲ್ಲಿದರು. ಬಸುರಿಲ್ಲದ ಹೊಲದ ಸುತ್ತ "ಹುಲಿಗ್ಯೋ" ಎಂದು ಕೂಗುತ್ತ ಚೆಲ್ಲಿದರು. ಆ ಕೂಗು ಗರಿಗಳ ನಡುವೆ ಹೋಗಿ ಎಲ್ಲಿಯೂ ತಾಗದೆ ಹಿಂದಕ್ಕೆ ಬಂತು.

ಮಾರೆಣ್ಣ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ತನ್ನ ಗೊಡ್ಡು ಹೊಟ್ಟೀನ ಊರಿಗೆ ಅಂಟಿಸ್ಯಾಳ," ಎಂದು ತನ್ನ ಎತ್ತಿಗೆ ಹೇಳಿದ ಹಾಗೆ ಮೆಲ್ಲಗೆ ಹೇಳಿ ನಡೆದ.

ಮರುದಿನ ಬೆಳಿಗ್ಗೆ ಕುಡುಗೋಲು ಬಿತ್ತು. ಎಂಟು ಮನೆಯ ಜೋಳ ಮೂರೇ ದಿನದಲ್ಲಿ ಮೇವಾಗಿ ಬಣವೆ ಸೇರಿತು. ಮೂಕಪ್ಪನೂ ಕೊಯ್ದ. ಅಕ್ಕನನ್ನು ಬಾಗಿಲ ತನಕ ಕಳಿಸಲು ಬರಲಿಲ್ಲ. ಹುಲುಗಮ್ಮನದು ಮಾತ್ರ ನಿಂತಿತು. ಅವಳ ಹತ್ತಿರ ಎತ್ತೂ ಇರಲಿಲ್ಲ, ಆಳೂ ಇರಲಿಲ್ಲ. ಎಲ್ಲರದೂ ಮುಗಿದ ಮೇಲೆ ಯಾರಾದರೂ ಕೊಯ್ದುಕೊಟ್ಟಾರು ಎಂದು ಕೂತಿದ್ದಳು. ಯಾರೂ ಕೊಯ್ದುಕೊಡಲಿಲ್ಲ.

ದೀಪಾವಳಿಯ ಪಾಡ್ಯ ಕಳೆದ ಮೂರನೆಯ ದಿನ ಹುಲುಗಮ್ಮ ಸಂತೆಗೆ ಹೋಗುವವರ ಕೈಯಲ್ಲಿ ಕರೂರಿಗೆ ಹೇಳಿಕಳಿಸಿದಳು: ಬಂದು ನೋಡು.

ಜಡೆಮ್ಮ ಹೋದಳು. ಸುತ್ತ ಎಂಟು ಹೊಲ ಕೂಳೆ. ನಡುವೆ ಎರಡೆಕರೆ ಎತ್ತರದ ಜೋಳ, ಒಂದೊಂದರ ತುದಿಯೂ ಉಬ್ಬಿತ್ತು. ಕೆಲವು ಗರಿ ಸೀಳಿ ತೆನೆ ಇಣುಕುತ್ತಿತ್ತು. ಹುಲುಗಮ್ಮ ಬದುವಿನ ಮೇಲೆ ಕೂತು ಬೇವಿನ ಕಡ್ಡಿ ಕಚ್ಚುತ್ತಿದ್ದಳು.

"ನೀ ಸುಳ್ಳು ಹೇಳಿದ್ದಿಲ್ಲ ಬಿಡು. ದಿನ ತಪ್ಪಿದಿ."

"ಹುಣ್ಣಿಮಿ ದಿನಾನ ಇತ್ತವ್ವಾ. ನನ್ನ ಬೆರಳಿಗೆ ಹತ್ತಿತ್ತು. ಆಣಿಮಾಡಿ ಹೇಳ್ತೀನಿ."

"ಹತ್ತಿತ್ತು. ಅದು ಬಾವುಟ ಏರಿಸಿದ ವರ್ಷ ಅಲ್ಲೇನು?" ಹುಲುಗಮ್ಮ ಕಡ್ಡಿ ತೆಗೆದು ಉಗುಳಿದಳು. "ಆ ವರ್ಷ ಶ್ರಾವಣ ಎರಡು ಬಂದಿದ್ವಲ್ಲೇ. ಹುಣ್ಣಿಮಿ ತಡಾಗಿ ಬಂದಿತ್ತು. ಈ ವರ್ಷ ಒಂದ ಶ್ರಾವಣ, ಹುಣ್ಣಿಮಿ ಬೇಗ ಬಂತು. ಜೋಳಕ್ಕ ಪಂಚಾಂಗ ಯಾರು ಓದ್ಯಾರು?"

ಜಡೆಮ್ಮ ಬದುವಿನ ಮೇಲೆ ಕೂತುಬಿಟ್ಟಳು. ಚಂದ್ರನನ್ನು ನೋಡಿ ದಿನ ಹೇಳಿದ್ದಳು. ಗಿಡ ಚಂದ್ರನನ್ನು ನೋಡುವುದಿಲ್ಲ. ಅದು ರಾತ್ರಿ ಉದ್ದವಾಗುವುದನ್ನು ಅಳೆಯುತ್ತ ನಿಂತಿರುತ್ತದೆ, ಸಾಕಷ್ಟಾದಾಗ ಗರಿ ಬಿಟ್ಟು ತೆನೆ ಹಿಡಿಯುತ್ತದೆ. ಊರಿನಲ್ಲಿ ಹುಟ್ಟು ಸಾವು ಮದುವೆ ಎಲ್ಲ ತಿಥಿಯ ಮೇಲೆ. ಅದು ಬಿಟ್ಟು ಬೇರೆ ಲೆಕ್ಕ ಯಾರಿಗೂ ಹೊಳೆಯಲಿಲ್ಲ, ಕಾಯುತ್ತೇವೆ ಎಂದ ಮಾರೆಣ್ಣನಿಗೂ ಹೊಳೆಯಲಿಲ್ಲ. ಇನ್ನು ಹದಿನೈದೇ ದಿನ ಕಾಯ್ದಿದ್ದರೆ ಸಾಕಿತ್ತು.

ಸುಮ್ಮನೆ ಕೂತರೆ ತಲೆ ಕೆಡುತ್ತದೆಂದು ಎದ್ದು ಎಣಿಸತೊಡಗಿದಳು. ಫಾರಮ್ಮಿನಲ್ಲಿ ಸಾಹೇಬರು ಎಲ್ಲದಕ್ಕೂ ಎಣಿಸಿ ಎನ್ನುವವರು. ಕೈಗೆ ಅದೇ ಚಾಳಿ. ಈಗ ಹೊಡೆ ತುಂಬಿದ ಉದ್ದ ಗಿಡಕ್ಕೆ ಒಂದು ತೊಗರಿ ಕಾಳು, ಚೌತಿಗೇ ತೆನೆ ತೆಗೆದು ಹಕ್ಕಿ ತಿಂದು ಬರಿದಾದ ಗಿಡ್ಡ ಗಿಡಕ್ಕೆ ಒಂದು ಕಡಲೆ. ಎಂಟು ಸಾಲು ಮುಗಿಯುವಷ್ಟರಲ್ಲಿ ಅವಳಿಗೇ ಬೆರಗಾಯಿತು. ಯಾವ ಸಾಲಿಗೆ ಹೋದರೂ ಮೂರು ತೊಗರಿಗೆ ಒಂದು ಕಡಲೆ ಬೀಳುತ್ತಿತ್ತು. ಎರಡು ಗಂಟು ಕಟ್ಟಿ, ಮೂರು ತೆನೆ ಮುರಿದುಕೊಂಡು, ಬಳ್ಳಾರಿಯ ಬಸ್ಸು ಹತ್ತಿದಳು.

ಚಿದಾನಂದಪ್ಪ ಕಚೇರಿಯ ಮೇಜಿನ ಮೇಲೆ ಗಂಟು ಸುರಿದು ತಾವೇ ಎಣಿಸಿದರು. ನಾಲ್ಕು ನೂರ ಮೂವತ್ತೊಂದು ತೊಗರಿ, ನೂರ ಮೂವತ್ತೊಂಬತ್ತು ಕಡಲೆ. ಜಡೆಮ್ಮ ಅಷ್ಟರಲ್ಲಿ ಎಲ್ಲ ಹೇಳಿ ಮುಗಿಸಿದ್ದಳು. ಅವರು ಮೂರು ತೊಗರಿಯ ಪಕ್ಕ ಒಂದು ಕಡಲೆ ಇಟ್ಟರು.

"ಅಂಗಡಿ ಕಸ ತುಂಬಿದ್ರ ಹಿಂಗ ಬರೂದಿಲ್ಲ," ಎಂದರು. "ಎಲ್ಲಾ ಕಲಸುಮೇಲೋಗರ ಆಗತಿತ್ತು. ಇದು ಒಂದೇ ತಾಯಿ ಮಕ್ಕಳು. ನೀ ಬಿಟ್ಟ ಗಿಡದಾಗ ಎರಡೂ ಗುಣ ಇತ್ತು, ಬೇಗಂದೂ ತಡದ್ದೂ. ಎರಡೂ ಕೂಡಿದಲ್ಲಿ ತಡದ್ದ ಯಜಮಾನ, ಬೇಗಂದು ಮನಿಯೊಳಗ ಅಡಗಿ ಕುಂತಿರತೈತಿ. ಮಕ್ಕಳ, ಮೊಮ್ಮಕ್ಕಳ ಕಾಲಕ್ಕ ನಾಕರಾಗ ಒಂದು ಹೊರಗ ಬರತೈತಿ."

"ಹಂಗಾರ ಮೇಸ್ತ್ರಿ ಕದ್ದಿಲ್ಲ ಅಂತ ಆತಲ್ರಿ."

"ಆತು."

"ಬರೀರಿ ಮತ್ತ."

ಬರೆದರು. ಅವರ ಕೈ ತಡೆಯಲಿಲ್ಲ, ಅಷ್ಟು ಹೇಳಬೇಕು. ಜಡೆಮ್ಮನ ಹೆಸರು ಹಾಕಲಿಲ್ಲ, "ಕೂಲಿಯಾಳಿನ ಅಜಾಗ್ರತೆ" ಎಂದು ಹಾಕಿದರು. ಕೂಲಿಯೂ ಉಳಿಯಿತು. ಆದರೆ ಮುಂಗಾರಿಗೆ ಪರೀಕ್ಷೆ ಮಾಡದೆ ಬೀಜ ಕೊಟ್ಟದ್ದು ಯಾರು ಎಂಬ ಸಾಲು ಆ ಕಾಗದದಲ್ಲಿ ಇರಲಿಲ್ಲ. ಕಾಗದ ಮೇಲಕ್ಕೆ ಹೋಯಿತು. ಮೇಲಿನವರು ಉತ್ತರ ಕೊಡಲಿಲ್ಲ. ಕಳ್ಳ ಎಂದು ಬರೆಯಲು ಅವರಿಗೆ ಒಂದು ದಿನ ಸಾಕಾಗಿತ್ತು.

ಅಲ್ಲಿಂದ ಅವಳು ಕೌಲ್ ಬಜಾರಿಗೆ ನಡೆದಳು. ಹಾಲಸಿದ್ದಪ್ಪ ಒಂದು ಅಂಗಡಿಯ ಮುಂದೆ ಗೋಣಿಚೀಲ ಹೊಲಿಯುತ್ತಿದ್ದ. ಕಳ್ಳನಿಗೆ ಕಾಳಿನ ಅಂಗಡಿಯವರು ಕೂಡ ಒಳಗೆ ಕೆಲಸ ಕೊಟ್ಟಿರಲಿಲ್ಲ. ಅವಳು ನಿಂತೇ ಹೇಳಿದಳು. ಅವನು ದಬ್ಬಳ ನಿಲ್ಲಿಸಲಿಲ್ಲ.

"ಗೊತ್ತಿತ್ತು," ಎಂದ. "ಅವತ್ತ ನೋಡಿದ್ದೆ. ಹೊಡಿ ತುಂಬಿದ ಗಿಡಕ್ಕ ಹಳೇ ಚೀಲ. ಮಡಚಿ ಹೊಲಿದಿದ್ದಿ."

"ಮತ್ತ ಯಾಕ ಹೇಳಲಿಲ್ಲಣ್ಣಾ? ವಿಚಾರಣಿ ದಿನ ಒಂದು ಮಾತು ಅಂದಿದ್ರ..."

"ನಿನ್ನ ಸಲುವಾಗಿ ಅಂತ ತಿಳೀಬ್ಯಾಡ. ನೋಡಿ ಬಿಟ್ಟೆ ಅಂದ್ರ ಅದೂ ನನ್ನ ತಪ್ಪ. ತೆನಿ ಕೊಯ್ಯೋ ದಿನ ನಾನ ಇದ್ದೆ. ಚೀಲ ನೋಡಿ, ಇದು ಹದಿನೇಳಲ್ಲ ಅಂತ ಗೊತ್ತಾಗಿ, ಇರ್ಲಿ ಅಂದೆ. ತೆನಿ ಬಾಳ ಚೊಲೊ ಇತ್ತು." ಹಲ್ಲಿನಿಂದ ಹುರಿ ಕಡಿದ. "ಆ ದಿನ ನಿಮ್ಮ ಮನ್ಯಾಗ ಕೂಸು ಹೋದ ಸುದ್ದಿ ಬಂದಿತ್ತು. ಅದನ್ನೂ ಕಿತ್ತು ಬಿಸಾಕು ಅನ್ನಾಕ ಬಾಯಿ ಬರಲಿಲ್ಲ. ಹೋಗು, ಬಸ್ಸು ತಪ್ಪೀತು."

ಜಡೆಮ್ಮ ಹೋದಳು. ಆ ಮಾತಿಗಿಂತ ಬೈಗುಳ ಹಗುರವಾಗಿರುತ್ತಿತ್ತು.

ಆ ಚಳಿಗಾಲ ಬಾದನಹಟ್ಟಿಯಲ್ಲಿ ಹುಲುಗಮ್ಮ ಒಬ್ಬಳೇ ಜೋಳ ರಾಶಿ ಮಾಡಿದಳು. ಎಂಟು ಮನೆಯವರು ಅದೇ ಜೋಳವನ್ನು ಕಡ ತಂದರು. ಬಿತ್ತಿದ ಕಡಲೆ ಅರ್ಧ ಮೊಳೆಯಲಿಲ್ಲ. ಮೂಕಪ್ಪ ಹೆಂಡತಿ ಮಕ್ಕಳನ್ನು ಕರೆದುಕೊಂಡು ಕಲ್ಲು ಒಡೆಯುವ ಕೆಲಸಕ್ಕೆ ಹೋದ. ಎರಡು ವರ್ಷ ಬಿಟ್ಟು ಬಂದಾಗ ಬಲಗೈಯಲ್ಲಿ ಮೂರು ಬೆರಳಿದ್ದವು. ಅಕ್ಕನ ಜೊತೆ ಮಾತಿದ್ದಷ್ಟು ಇತ್ತು, ಊಟ ಮಾಡು ಎನ್ನುವಷ್ಟು.

ಹುಲುಗಮ್ಮನಿಂದ ಜಡೆಮ್ಮ ಒಂದು ಹಿಡಿ ಬೀಜ ತಂದಿದ್ದಳು. ಐವತ್ತರಿಂದ ಪ್ರತಿ ಮುಂಗಾರಿಗೆ ಮನೆಯ ಹಿತ್ತಲಲ್ಲಿ ಬಿತ್ತಿದಳು. ಸಂಕ್ರಾಂತಿಯಿಂದ ದಿನಕ್ಕೊಂದು ಬೆಣಚುಕಲ್ಲು ಗಡಿಗೆಗೆ ಹಾಕತೊಡಗಿದಳು. ಸಂಕ್ರಾಂತಿ ಒಂದೇ ಸೂರ್ಯನ ಹಬ್ಬ, ಅದು ಜರುಗುವುದಿಲ್ಲ ಎಂದು ಹುಲುಗಮ್ಮ ಹೇಳಿದ್ದಳು. ಮೊದಲ ಹೊಡೆ ಬೆರಳಿಗೆ ಹತ್ತಿದ ದಿನ ಕಲ್ಲು ಸುರಿದು ಇಪ್ಪತ್ತಿಪ್ಪತ್ತರ ಗುಡ್ಡೆ ಮಾಡುವಳು. ಹದಿನಾಲ್ಕು ಗುಡ್ಡೆ, ಮೇಲೆ ನಾಲ್ಕು. ಮರುವರ್ಷ ಹದಿನಾಲ್ಕು ಗುಡ್ಡೆ, ಮೇಲೆ ಐದು. ಅದರ ಮರುವರ್ಷ ಮತ್ತೆ ನಾಲ್ಕು. ಹುಣ್ಣಿಮೆ ಮಾತ್ರ ಒಮ್ಮೆ ಹಿಂದೆ ಒಮ್ಮೆ ಮುಂದೆ ಅಲೆಯುತ್ತಿತ್ತು. ಕೂಸು ಹೋದ ಮನೆಯಲ್ಲಿ ಹೆಂಡತಿ ಕಲ್ಲೆಣಿಸುತ್ತಾಳೆ ಎಂದು ಎರ್ರಣ್ಣನಿಗೆ ಜನ ಹೇಳಿದರು. "ಎಣಿಸ್ಲಿ ಬಿಡ್ರಿ. ತೊಟ್ಲಾಗ ತೂಗಾಕ ಬ್ಯಾರೆ ಏನೈತಿ," ಎಂದ ಅವನು.

ಐವತ್ತಮೂರು. ಬಳ್ಳಾರಿ ಮೈಸೂರಿಗೆ ಸೇರಿತು. ಮದ್ರಾಸಿನ ಕಾಗದಗಳಲ್ಲಿ ಯಾವುದು ಬಂತು, ಯಾವುದು ಬರಲಿಲ್ಲ, ಹೇಳುವವರಿಲ್ಲ. ಹಾಲಸಿದ್ದಪ್ಪನ ಕಾಗದ ಬರಲಿಲ್ಲ. ಅವನು ಬೇಸಿಗೆಯಲ್ಲೇ ತೀರಿಕೊಂಡಿದ್ದ, ಕೌಲ್ ಬಜಾರಿನವರ ಬಾಯಲ್ಲಿ ಬೀಜಗಳ್ಳನಾಗಿಯೇ.

ಆ ವರ್ಷವೂ ಒಂದು ಮಾಸ ಎರಡು ಸಲ ಬಂದಿತ್ತು. ಹುಣ್ಣಿಮೆ ತಡವಾಗಿತ್ತು. ಸೀಗಿ ಹುಣ್ಣಿಮೆ ಕಳೆದ ಮೂರನೆಯ ದಿನ, ಕೊಯ್ಲಿಗೆ ಮುಂಚಿನ ಕೊನೆಯ ಕಳಚು. ಬಾವಿಯ ಕಡೆಯ ಸಾಲಿನಲ್ಲಿ ಜಡೆಮ್ಮನ ಕಾಲು ನಿಂತಿತು. ಒಣಗಿದ ಗಿಡ್ಡ ಜೋಳದ ನಡುವೆ ಒಂದು ಹಸಿರು ದಂಟು, ಆಳಿಗಿಂತ ಎತ್ತರ. ಗರಿಯ ಬುಡದಲ್ಲಿ ನೇರಳೆ ಗೀರು. ಯಾವ ಗಾಳಿಗೆ ಬಂತೋ. ತುದಿಯನ್ನು ಎರಡು ಬೆರಳಲ್ಲಿ ಹಿಡಿದಳು. ಉಬ್ಬಿತ್ತು. ಬೆಳಿಗ್ಗೆ ಗಡಿಗೆಗೆ ಹಾಕಿದ ಕಲ್ಲು ಹದಿನಾಲ್ಕು ಗುಡ್ಡೆಯ ಮೇಲೆ ನಾಲ್ಕನೆಯದು.

ಬಗ್ಗಿ, ಬುಡ ಹಿಡಿದು, ಎಳೆದಳು. ಬೇರು ಸುಲಭಕ್ಕೆ ಬರಲಿಲ್ಲ. ಕಾಲೂರಿ ಎರಡನೆಯ ಸಲ ಎಳೆದಳು. ಮಣ್ಣು ಬಿರಿದು ಬಂತು.

ಹೊಸ ಮೇಸ್ತ್ರಿ ಬಂದು ದಂಟನ್ನು ಬೂಟಿನಿಂದ ಹೊರಳಿಸಿದ. "ಹೊಡಿ ತುಂಬಿತ್ತೇನು ಇದು?"

"ತುಂಬಿತ್ತು."

"ಮತ್ತ ಕಿತ್ತಿ?"

"ಕಿತ್ತೆ."

ಅವನು ಚೀಟಿಯಲ್ಲಿ ಒಂದು ಗೀಟು ಹಾಕಿಕೊಂಡು ಹೋದ. ಜಡೆಮ್ಮ ಉಗುರಿನಿಂದ ಗರಿಯ ಒಡಲು ಸೀಳಿದಳು. ಒಳಗೆ ಬೆರಳುದ್ದದ ತೆನೆ, ಹಸಿ, ಬೆಳ್ಳಗೆ, ಒಂದು ಕಾಳೂ ಇನ್ನೂ ಕಟ್ಟಿರಲಿಲ್ಲ. ಅದನ್ನು ಗರಿಯಲ್ಲೇ ಮತ್ತೆ ಮುಚ್ಚಿ ಬದುವಿನ ಮೇಲೆ ಇಟ್ಟಳು, ಎಸೆಯಲಿಲ್ಲ. ಸೆರಗಿಗೆ ಕೈ ಒರಸಿಕೊಂಡು ಮುಂದಿನ ಸಾಲಿಗೆ ಹೋದಳು. ಅವತ್ತು ಸಂಜೆ ಗಡಿಗೆ ಬರಿದುಮಾಡಿದಳು, ಸಂಕ್ರಾಂತಿಗೆ ಕಾಯದೆ ಮರುದಿನ ಬೆಳಿಗ್ಗೆಯೇ ಮೊದಲ ಕಲ್ಲು ಹಾಕಿದಳು.